ಒಗರು

ಹಜ್ ಮುಗಿಸಿ ಬಂದ ಮುಹ್ದಿನ್
ಮನೆಗೆ ಏಳರಂತೆ ಖರ್ಜೂರ ಹಂಚಿದ.
ತೆರ್ನಾತೆಯ ನಮ್ಮ ಓಣಿಯೆಲ್ಲ ತಿಂದು, ಬೀಜ ಉಗಿಯಿತು.
ನಾನು ಮಾತ್ರ ಬಾಯಿಂದ ಅಂಗೈಗೆ,
ಅಂಗೈಯಿಂದ ಟಿಕೇಟಿನ ಡಬ್ಬಿಗೆ ಹಾಕಿಕೊಂಡೆ.
ದೋಣಿಕಟ್ಟೆಯಲ್ಲಿ ಟಿಕೇಟು ಹರಿಯುವವಳು ನಾನು,
ಜನ ಬಿಟ್ಟುಹೋದದ್ದನ್ನು ಎತ್ತಿಡುವ ಚಾಳಿ.

ಒದ್ದೆ ಬಟ್ಟೆಯಲ್ಲಿ ಸುತ್ತಿ ಅಕ್ಕಿಡಬ್ಬದ ಮೇಲಿಟ್ಟೆ.
ಹದಿನೆಂಟು ದಿನ ಏನೂ ಇಲ್ಲ.
ಆಮೇಲೆ ಬೆನ್ನಿನ ಚುಕ್ಕಿಯಿಂದ ಒಂದು ಬಿಳಿ ಬೆರಳು
ಮೇಲಕ್ಕಲ್ಲ, ಕೆಳಕ್ಕೆ ಚಾಚಿತು,
ಮೊದಲು ನೆಲ ಇದೆಯೇ ನೋಡೋಣ ಎಂಬಂತೆ.
ಎಲೆ ಎದ್ದದ್ದು ತಿಂಗಳಾದ ಮೇಲೆ, ಬೀಜದಿಂದ ಎರಡು ಬೆರಳು ದೂರ.
ಗರಿಯಲ್ಲ, ಒಂದೇ ಒಂದು ಹುಲ್ಲೆಸಳು.

ಕಳೆಯೆಂದು ಗಂಡ ಕಿತ್ತದ್ದು ಒಂದು.
ಇಲಿ ತಿಂದದ್ದು ಎರಡು.
ಗಮಲಾಮ ಬೆಟ್ಟ ಕೆಮ್ಮಿ ಬೂದಿ ಉದುರಿಸಿದ ವಾರ
ಸತ್ತವು ಇನ್ನೆರಡು.
ಉಳಿದ ಎರಡರಲ್ಲಿ ಒಂದನ್ನು
ಹಾಲಿನಪುಡಿಯ ಡಬ್ಬದಲ್ಲಿ ನೆಟ್ಟು
ನಾದಿನಿ ಸಲ್ಮಿಯಾಗೆ ಕೊಟ್ಟೆ, ತಿದೋರೆಗೆ.
ಆಗ ಇನ್ನೂ ಮಾತಾಡುತ್ತಿದ್ದೆವು.

ಮಾವ ತೀರಿದ ನಲವತ್ತನೆಯ ದಿನ
ಹನ್ನೆರಡು ಲವಂಗದ ಮರ ಯಾರದೆಂಬ ಮಾತು ಬಂತು.
ನನ್ನ ಗಂಡ ತಂಗಿಯ ಜೊತೆ ಮಾತು ಬಿಟ್ಟ.
ಅವನ ಹಿಂದೆ ನಾನೂ ಬಿಟ್ಟೆ,
ಯಾಕೆಂದು ನನ್ನನ್ನೇ ಕೇಳಿಕೊಳ್ಳದೆ.
ಕಾಲು ಗಂಟೆಯ ಕಡಲು.
ದಿನಕ್ಕೆ ನಲವತ್ತು ದೋಣಿ ಆಚೆಗೆ ಕಳಿಸಿದೆ,
ಒಂದರಲ್ಲೂ ಕೂರಲಿಲ್ಲ.

ಮರಕ್ಕೆ ನಮ್ಮ ಮಳೆ ಒಗ್ಗಲಿಲ್ಲ.
ಗರಿಗೆ ಬೂಷ್ಟು, ಬುಡಕ್ಕೆ ಕೊಳೆ.
ಬೆಟ್ಟದ ಕಪ್ಪು ಮರಳು, ಒಡೆದ ಹವಳ
ಬುಟ್ಟಿಬುಟ್ಟಿ ಸುರಿದೆ, ನೀರು ನಿಲ್ಲದಿರಲೆಂದು.
"ತೆಂಗು ನೆಟ್ಟಿದ್ದರೆ
ಇಷ್ಟರಲ್ಲಿ ಎಣ್ಣೆ ಕಾಯಿಸಬಹುದಿತ್ತು" ಅಂದರು.
ಇತ್ತು, ಕಾಯಿಸಬಹುದಿತ್ತು.

ಎಂಟನೆಯ ವರ್ಷ ಹೊಂಬಾಳೆ ಬಿರಿಯಿತು.
ಮುಟ್ಟಿದರೆ ಬಿಳಿ ಹಿಟ್ಟು,
ಹುದುಗು ಬಂದ ರೊಟ್ಟಿಹಿಟ್ಟಿನ ವಾಸನೆ.
ಗಂಡು.
ಮೀನು ಮಾರುವ ಹಬ್ಸಾ ಬುಟ್ಟಿ ಇಳಿಸಿ ನಕ್ಕಳು:
"ಇಷ್ಟು ವರ್ಷ ಸಾಕಿದ್ದು
ಇನ್ನೊಬ್ಬ ಕೆಲಸವಿಲ್ಲದ ಗಂಡಸನ್ನೇ!"

ಅದೇ ವಾರ ದೋಣಿಯ ಗಫಾರ್, ಹಗ್ಗ ಸುತ್ತುತ್ತ,
ನನ್ನ ಮುಖ ನೋಡದೆ ಹೇಳಿದ:
ಅಲ್ಲಿಯದೂ ಹೂ ಬಿಟ್ಟಿದೆ. ಹಿಟ್ಟಿಲ್ಲ, ಬರೀ ಮಣಿಮಣಿ.

ಎರಡು ರಾತ್ರಿ ನಿದ್ದೆ ಬರಲಿಲ್ಲ.
ಮೂರನೆಯ ಬೆಳಗ್ಗೆ ಹೂವಿನ ಎಳೆ ಕೊಯ್ದು
ಲೆಕ್ಕದ ಲಕೋಟೆಯಲ್ಲಿ ಹಾಕಿ,
ಲಕೋಟೆಯನ್ನು ರವಿಕೆಯೊಳಗೆ ಇಟ್ಟು,
ನನ್ನ ಟಿಕೇಟು ನಾನೇ ಹರಿದುಕೊಂಡೆ.

ಸಲ್ಮಿಯಾ ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.
ಲಕೋಟೆ ನೋಡಿದಳು, ಏಣಿ ತಂದಳು, ಹಿಡಿದು ನಿಂತಳು.
ನಾನು ಹತ್ತಿ ಗಂಡಿನ ಎಳೆಗಳನ್ನು ತಲೆಕೆಳಗಾಗಿ
ಹೆಣ್ಣಿನ ಗೊಂಚಲೊಳಗೆ ಸಿಕ್ಕಿಸಿ,
ದಾರ ಸುತ್ತಿ, ಮಳೆಗೆಂದು ಪ್ಲಾಸ್ಟಿಕ್ಕಿನ ಚೀಲ ಕಟ್ಟಿದೆ.
"ಮುಳ್ಳು, ನೋಡಿಕೊ."
ಆರು ವರ್ಷದ ಮೇಲೆ ಆಡಿದ್ದು ಅಷ್ಟೇ.
ಆಗಲೇ ಚುಚ್ಚಿತ್ತು, ಹೇಳಲಿಲ್ಲ.

ಏಳು ತಿಂಗಳ ಮೇಲೆ ಗಫಾರನ ಕೈಲಿ ಒಂದು ಪೊಟ್ಟಣ.
ಒಂಬತ್ತು ಕಾಯಿ, ಹಳದಿ, ಗಟ್ಟಿ. ಚೀಟಿ ಇಲ್ಲ.
ಮೆತ್ತಗಾಗುವ ತನಕ ಬಿಟ್ಟರೆ ಇಲ್ಲಿ
ಹುಳಿಯಾಗುತ್ತದೆ, ಇರುವೆಗೆ ಹೋಗುತ್ತದೆ.
ಹೀಗೇ ತಿನ್ನಬೇಕು, ಕರುಂ ಎಂದು:
ಮೊದಲು ಸಿಹಿ, ಬೆನ್ನಿಗೇ ಒಗರು,
ನಾಲಿಗೆ ಒಣಬಟ್ಟೆ.
ಕಣ್ಣು ಮಂಜಾದ ಮುಹ್ದಿನ್ ಚಪ್ಪರಿಸಿ ಹೇಳಿದ,
"ಇದು ನಾನು ತಂದದ್ದಲ್ಲ."
ಅಲ್ಲವೇ ಅಲ್ಲ.
ತಾಯಿಯಂತೆ ಮಗಳು ಎನ್ನುವ ಮಾತು ಈ ಬೀಜಕ್ಕೆ ನಡೆಯದು,
ನೂಲು ಯಾವುದೋ ಸೀರೆ ಯಾವುದೋ.

ಗಂಡ ಎರಡು ತಿಂದ.
ಎಲ್ಲಿಯದೆಂದು ಕೇಳಲಿಲ್ಲ, ಮೂರನೆಯದಕ್ಕೆ ಕೈ ಚಾಚಿದ.
ಲವಂಗದ ವ್ಯಾಜ್ಯ ಹಾಗೇ ಇದೆ.
ಏಣಿಯ ಮುರುಕು ಮೆಟ್ಟಿಲು ತೆಗೆಸಿ
ಹೊಸದು ಹಾಕಿಸಿದ್ದಾಳಂತೆ,
ಗಫಾರ್ ಹೇಳಿದ.