ಆವಕ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಆವಕ ಪುಸ್ತಕ ನನ್ನದು.
ಲಾಟು ನಂಬರು, ರೈತನ ಹೆಸರು, ಹಳ್ಳಿ, ಕಿಲೋ.
ಬಂದದ್ದನ್ನೆಲ್ಲ ಬರಿ,
ಬಾರದ್ದರ ಗೊಡವೆ ಬೇಡ:
ಸೇರಿದ ದಿನ ಗಂಗುಲಪ್ಪನವರು
ಹೇಳಿಕೊಟ್ಟದ್ದು ಇಷ್ಟೇ.

ಮೇಜಿನ ಖಾನೆಯಲ್ಲಿ ಚಿಕ್ಕಬಳ್ಳಾಪುರದ
ಕೋಚಿಂಗಿನವರು ಕೊಟ್ಟ ಝೆರಾಕ್ಸ್ ನೋಟ್ಸು.
ಕೆಎಎಸ್, ನಾಲ್ಕನೇ ಸಲ.
ಇನ್ನೆಷ್ಟು ಸಲ ಎನ್ನುತ್ತಾಳೆ ಅಮ್ಮಿ.
ಚೀನಾದಲ್ಲಿ, ಎನ್ನುತ್ತೇನೆ,
ಎಪ್ಪತ್ತು ತುಂಬಿದ ಮುದುಕರೂ ಬರೆಯುತ್ತಿದ್ದರಂತೆ,
ಕಾಲು ಚಾಚಲಾಗದ ಗೂಡಿನಲ್ಲಿ ಕೂತು
ಮೂರು ಹಗಲು ಎರಡು ರಾತ್ರಿ,
ಮೇಜೂ ಅದೇ ಹಲಗೆ, ಹಾಸಿಗೆಯೂ ಅದೇ.
ಗೂಡಾ! ಎಂದು ನಕ್ಕಳು ಅಮ್ಮಿ,
ಕುದಿನೀರಿಗೆ ಒಂದು ಬೊಗಸೆ ಸುರಿಯುತ್ತ.
ಒಳಗಿದ್ದ ಹುಳ ಪಾಸಾಯಿತಾ?

ನಮ್ಮ ಮನೆಯಲ್ಲಿ ಚೀನಾ ಎಂದರೆ
ಚರಿತ್ರೆಯಲ್ಲ, ರೇಟು.
ಅಲ್ಲಿಯ ನೂಲು ಹಡಗು ಹತ್ತಿತೆಂದರೆ
ಅಬ್ಬಾ ಇಲ್ಲಿ ಒಲೆ ಆರಿಸುತ್ತಿದ್ದರು.
ಮೂವತ್ತು ವರ್ಷ ಬಿಸಿನೀರಲ್ಲಿ ಬೆಂದ ಬೆರಳು,
ತುದಿಯಲ್ಲಿ ಗೆರೆಯೇ ಉಳಿದಿರಲಿಲ್ಲ.
ಪಿಂಚಣಿಯ ಯಂತ್ರ ಮೂರು ಸಲ ಒಪ್ಪಲಿಲ್ಲ.
ನೀನು ನೀನೇ ಅಂತ ಏನು ಗ್ಯಾರಂಟಿ,
ಕೌಂಟರಿನ ಹುಡುಗ ರೇಗಿದ.
ಬೆರಳನ್ನು ಅಂಗಿಗೆ ಒರೆಸಿಕೊಂಡು
ಅವರು ಮನೆಗೆ ಬಂದರು.
ಅವತ್ತೇ ನಾನು ಅರ್ಜಿ ತುಂಬಿದ್ದು, ಮೊದಲನೇ ಸಲದ್ದು.

ನೋಟ್ಸಿನ ಎಂಬತ್ತೆಂಟನೇ ಪುಟದಲ್ಲಿ
ಹಾನರ ಕಾಲದ ಒಬ್ಬ ಅಧಿಕಾರಿ ಇದ್ದಾನೆ.
ಕೈಕೆಳಗಿನವನೊಬ್ಬ ಮೀನು ತಂದುಕೊಟ್ಟ.
ಬೇಡವೆನ್ನಲಿಲ್ಲ, ತಿನ್ನಲೂ ಇಲ್ಲ,
ಅಂಗಳದಲ್ಲಿ ತೂಗುಹಾಕಿದ.
ಮತ್ತೆ ಮೀನು ಹಿಡಿದು ಬಂದವನಿಗೆ
ಹಳೆಯದನ್ನು ತೋರಿಸಿದ.
ಅಷ್ಟೇ ಕಥೆ. ಒಣಗಿತ್ತೋ ಕೊಳೆತಿತ್ತೋ
ಝೆರಾಕ್ಸಿನಲ್ಲಿ ಮಸುಕಾಗಿದೆ.
ಮುಂದಿನ ಪುಟಕ್ಕೆ ಎರಡು ಸಾವಿರ ವರ್ಷ:
ಈಗ ಅಲ್ಲಿ ಹುಲಿಗಳನ್ನೂ ಹಿಡಿಯುತ್ತೇವೆ
ನೊಣಗಳನ್ನೂ ಹಿಡಿಯುತ್ತೇವೆ ಎನ್ನುತ್ತಾರಂತೆ.
ಯಾವುದು ಹುಲಿ ಎಂದು ಬರೆದುಕೊಡುವವರು ಯಾರು?
ಮೇಷ್ಟ್ರು ಹೇಳಿದರು, ಅದು ಸಿಲಬಸ್ಸಿನಲ್ಲಿಲ್ಲ.

ಹೋದ ಬುಧವಾರ ಗಂಜಿಗುಂಟೆಯ ಪಿಳ್ಳಮ್ಮ
ಸೆರಗಿನಲ್ಲಿ ಎರಡು ಚೀಟಿ ತಂದಳು.
ಮನೆಯಲ್ಲಿ ತೂಗಿದ್ದು ಒಂದು, ಇಲ್ಲಿ ತೂಗಿದ್ದು ಒಂದು,
ನಡುವೆ ನಾಲ್ಕು ಕಿಲೋ.
ದಾರೀಲಿ ಹುಳ ಏನಾದ್ರೂ ಎದ್ದು ಹೋದವಾ ತಾಯಿ?
ಬರೆದುಕೊಂಡೆ. ನಾನೂರ ಹನ್ನೆರಡು, ತೂಕದ ತಕರಾರು.

ಶುಕ್ರವಾರ ನನ್ನ ಕುರ್ಚಿಯ ಮೇಲೆ ಒಂದು ಸೀರೆ.
ನೇರಳೆ ಬಣ್ಣ, ಹಸಿರು ಅಂಚು.
ಹೆಸರಿಲ್ಲ, ಚೀಟಿಯಿಲ್ಲ.
ಬಾಗಿಲಾಚೆ ತೂಕದ ಜಬೀವುಲ್ಲಾ ಕೆಮ್ಮಿದ.
ನಮ್ಮ ಓಣಿಯವನೇ. ಅಬ್ಬಾನ ಜನಾಜಕ್ಕೆ
ಹೆಗಲು ಕೊಟ್ಟವನು.
ಸ್ವಂತ ಊರಿನಲ್ಲಿ ಅಧಿಕಾರ ಕೂಡದೆಂದು
ಚೀನಾದ ದೊರೆಗಳು ಏಕೆ ನಿಯಮ ಮಾಡಿದ್ದರೆಂದು
ಐದು ಅಂಕಕ್ಕೆ ಬರೆಯಬಲ್ಲೆ ಈಗ.

ಸೀರೆಯನ್ನು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದೆ.
ರೇಷ್ಮೆ ಕೊಳೆಯುವುದಿಲ್ಲ.
ಬಂದವರೆಲ್ಲ ಮುಟ್ಟಿ ನೋಡಿದರು,
ಎಷ್ಟಾಯ್ತು, ಎಲ್ಲಿ ತಗೊಂಡೆ ಎಂದರು.
ಮೀನೇ ಇದ್ದಿದ್ದರೂ ಏನಾಗುತ್ತಿತ್ತು?
ಬೆಂದ ಹುಳದ ನಾತ ಓಣಿ ಓಣಿಯಲ್ಲಿದೆ ಇಲ್ಲಿ,
ಅದು ಅನ್ನದ ವಾಸನೆ,
ಯಾರೂ ಮೂಗು ಮುಚ್ಚುವುದಿಲ್ಲ.
ಹೊರಗಿನವರು ಬಸ್ಸಿಳಿದಾಗ ಮಾತ್ರ.

ಸಂಜೆ ಪುಸ್ತಕ ತೆರೆದೆ.
ನಾನೂರ ಹತ್ತೊಂಬತ್ತು. ಸೀರೆ ಒಂದು, ನೇರಳೆ.
ಎಲ್ಲಿಂದ: ತಿಳಿದಿಲ್ಲ.
ವಿಷಯ ಎಂಬ ಕಾಲಮಿನಲ್ಲಿ ಪೆನ್ನು ನಿಂತಿತು,
ಆಮೇಲೆ ಬರೆದೆ: ನೋಡಿ, ನಾನೂರ ಹನ್ನೆರಡು.

ಗಂಗುಲಪ್ಪನವರು ಕನ್ನಡಕ ಏರಿಸಿ ಓದಿದರು.
ನಿವೃತ್ತಿಗೆ ಏಳು ತಿಂಗಳಿದೆ ಅವರಿಗೆ.
ಬಹಳ ಹೊತ್ತು ಏನೂ ಹೇಳಲಿಲ್ಲ,
ಜರಡಿಗಳನ್ನು ಒಂದರ ಮೇಲೊಂದು ಎಸೆಯುವ ಸದ್ದು ಹೊರಗೆ.
ಷಮೀಮಾ, ಎಂದರು, ಬರೆದದ್ದು ಸರಿ.
ಇಂಥವನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೀಬೇಕಮ್ಮ.

ಪುಸ್ತಕ ಇನ್ನೂ ಅವರ ಮೇಜಿನ ಮೇಲಿದೆ.
ಸೋಮವಾರದ ಲಾಟುಗಳನ್ನು
ಬಿಡಿಹಾಳೆಯಲ್ಲಿ ಬರೆಯುತ್ತಿದ್ದೇನೆ,
ಶಾಯಿಯಲ್ಲೇ.