ಸಾಕ್ಷಿಗಾಜು

ಕಿಲ್ಲಾರಿಯಲ್ಲಿ ನೆಲ ನಡುಗಿದ ಮೂರನೆಯ ತಿಂಗಳು
ಸೊಲ್ಲಾಪುರದ ಕಚೇರಿಯಿಂದ ನನ್ನನ್ನು ಬೋರಿಹಾಳಕ್ಕೆ ಅಟ್ಟಿದರು.
ಕೈಯಲ್ಲೊಂದು ಅಳತೆಪಟ್ಟಿ, ಚೀಲದಲ್ಲಿ ಗಾಜಿನ ತುಂಡುಗಳು,
ಇಪ್ಪತ್ತಾರರ ಪ್ರಾಯದ ಗತ್ತು.

ಊರವರು ತೋರಿಸಿದ್ದು ಗಢಿ. ಮರಾಠಿಯಲ್ಲಿ ಅದು ಕೋಟೆಮನೆ.
ನಮ್ಮ ಬಾಯಲ್ಲಿ ಮಹಾಪ್ರಾಣ ಹಾರಿಹೋಗಿ
ಬರೀ ಗಡಿ.
ಕೆಳಗೆ ಕರಿಕಲ್ಲು, ಮೇಲೆ ಬಿಳಿಮಣ್ಣು, ತುದಿಗೆ ಇಟ್ಟಿಗೆ ಸುಣ್ಣ.
ಈಶಾನ್ಯದ ಬುರುಜಿನಿಂದ ಎದೆಮಟ್ಟಕ್ಕೆ ಇಳಿದಿತ್ತು ಬಿರುಕು,
ನನ್ನ ಕಿರುಬೆರಳು ಹಿಡಿಯುವಷ್ಟು.

ಅದರ ಎರಡೂ ದಂಡೆಗೆ ಗಚ್ಚು ಮೆತ್ತಿ
ನಡುವೆ ಗಾಜು ಕೂರಿಸಿದೆ, ಕಾಲುಸಂಕದ ಹಾಗೆ.
ಗೋಡೆ ಕೂದಲೆಳೆಯಷ್ಟು ಸರಿದರೂ ಇದು ಒಡೆಯುತ್ತದೆ,
ಒಡೆದರೆ ನಂಬುವ ಹಾಗಿಲ್ಲ, ಕೆಡವಬೇಕಾದೀತು
ಎಂದೆ, ಕಾವಲಿನ ಲಕ್ಕಪ್ಪ ಢಾಲೆಗೆ. ತಲೆಯಾಡಿಸಿದ.
ಗಾಜಿನ ಮೂಲೆಗೆ ಬಿಳಿ ಬಣ್ಣದಲ್ಲಿ, ಸಾಹೇಬರ ಕಣ್ಣು ತಪ್ಪಿಸಿ
ನಮ್ಮ ಅಂಕಿಯಲ್ಲೇ ಬರೆದೆ:
೧೪-೧೨-೧೯೯೩.

ಆಮೇಲೆ ಎಷ್ಟು ಗೋಡೆ, ಎಷ್ಟು ಮೆಟ್ಟಿಲಬಾವಿ!
ಬೆಲ್ಲ ಅಳಲೆಕಾಯಿ ಕೊಳೆಸಿದ ನೀರಲ್ಲಿ ಸುಣ್ಣ ಅರೆಸಿದೆ,
ಎಮ್ಮೆ ಕಟ್ಟಿದ್ದ ಕಂಬದಲ್ಲಿ ಶಾಸನ ಓದಿದೆ,
ಬಾವಲಿಯ ವಾಸನೆ ಮದುವೆಯ ಅಂಗಿಯಿಂದಲೂ ಹೋಗಲಿಲ್ಲ.
ನನಗೂ ಒಂದು ಮನೆ ಕಟ್ಟಿಸಿದೆ, ಸಿಮೆಂಟಿನದು.
ಐದನೆಯ ಮಳೆಗೆ ಸೋರಿತು.

ಎರಡು ವರ್ಷಕ್ಕೊಮ್ಮೆ ಬೋರಿಹಾಳ. ಅದೇ ಗಾಜು, ಅದೇ ಲಕ್ಕಪ್ಪ,
ಅದೇ ಬೆಲ್ಲದ ಚಹಾ. ವರದಿಯಲ್ಲಿ ಅದೇ ಸಾಲು:
ಗಾಜು ಅಖಂಡ. ಚಲನೆ ಇಲ್ಲ.
ಪುಣೆಯ ಸಭೆಯಲ್ಲಿ ಈ ಗೋಡೆಯ ಚಿತ್ರ ತೋರಿಸಿ
ಬಿಳಿಮಣ್ಣಿನ ತಾಳ್ಮೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ.
ಚಪ್ಪಾಳೆ ಬಿತ್ತು. ಬಡ್ತಿಯೂ ಬಂತು.

ಈ ಸಲ ಹೋದದ್ದು ಕೊನೆಯ ಸಲ, ನಿವೃತ್ತಿಗೆ ಹದಿನೆಂಟು ದಿನ.
ಪೊರೆ ತೆಗೆಸಿದ ಹೊಸ ಕಣ್ಣು. ಬಗ್ಗಿ ನೋಡಿದೆ:
೧೪-೧೨-೧೬೬೩.
ಬಾಲ ತಿರುಗಿದ ಎರಡು ಒಂಬತ್ತು!
ಗಢಿ ಕಟ್ಟಿದ್ದೇ ಅದಾಗಿ ಎಂಬತ್ತು ವರ್ಷಕ್ಕೆ.
ಗೋಡೆಗಿಂತ ಗಾಜೇ ಹಳೆಯದು.

ತಿರುಗಿ ನೋಡಿದರೆ ಲಕ್ಕಪ್ಪ ಇಲ್ಲ.
ಬಂದ, ಬಿಸ್ಕೀಟಿನ ಡಬ್ಬಿ ಹಿಡಿದು, ನನ್ನ ಮುಖ ನೋಡದೆ:
"ಒಡದರ ಕೆಡವತಾರ ಅಂದಿದ್ರಿ. ಕೆಡವಿದ ಮ್ಯಾಲ ನಾ ಏನ್ ಕಾಯಲಿ?
ಅಕ್ಕಲಕೋಟದಾಗ ಫೋಟೋಕ್ಕ ಕಟ್ಟು ಹಾಕೋ ಅಂಗಡ್ಯಾಗ ಕೊಯ್ಸಿದೆ.
ನಿಮ್ಮ ಅಕ್ಷರದ ಮ್ಯಾಲೇ ತಿದ್ದೀನ್ರಿ.
ನಾ ಮರಾಠಿ ಸಾಲಿ ಕಲ್ತಾಂವ,
ನಮ್ಮ ಅಂಕಿ ನನಗ ಬರಾಂಗಿಲ್ಲ."

ಡಬ್ಬಿಯಲ್ಲಿ ಹನ್ನೊಂದು ಗಾಜು, ಎಲ್ಲವೂ ನಟ್ಟನಡುವೆ ಸೀಳಿದವು.
ಕೈಗೆ ತಾಗದಂತೆ ಒಂದೊಂದಕ್ಕೂ
ಅಂದಂದಿನ ಪೇಪರು ಸುತ್ತಿ ದಾರ ಕಟ್ಟಿದ್ದಾನೆ.
ಹಾಳೆಯ ನೆತ್ತಿಯಲ್ಲಿ ವಾರ, ತಿಂಗಳು, ಇಸವಿ.

ಚಾವಡಿಯ ಕಟ್ಟೆಯ ಮೇಲೆ ಸಾಲಾಗಿ ಹರವಿದೆ.
ಏಳು, ಶ್ರಾವಣದವು. ಎರೆಮಣ್ಣು ನೀರು ಕುಡಿದು ಉಬ್ಬುವ ಕಾಲ.
ಉಳಿದವು ಬಿರುಬೇಸಿಗೆಯವು.
ಬೀಳಲಿಲ್ಲ ಗೋಡೆ. ಮಳೆಗೊಮ್ಮೆ ಬಿಸಿಲಿಗೊಮ್ಮೆ
ನಿಂತಲ್ಲೇ ಮಗ್ಗುಲು ಬದಲಿಸುತ್ತಿತ್ತು, ಮೂವತ್ತು ವರ್ಷ,
ನಾನು ಚಲನೆ ಇಲ್ಲ ಎಂದು ಬರೆಯುತ್ತಿದ್ದಾಗ.

ಬೈಯಲೆಂದು ತೆರೆದ ಬಾಯಿಗೆ ಚಹಾ ಬಂತು.
ಕುಡಿದೆ. ಗಚ್ಚು ಕಲಸಿದೆ. ಹೊಸ ಗಾಜು ಕೂರಿಸುವಾಗ
ಅವನು ಟಾರ್ಚು ಹಿಡಿದ. ಅವನ ಕೈಯೂ ನಡುಗುತ್ತದೆ ಈಗ.
"ಈ ಸಲ ಒಡದರ?"
ಒಡೀಲಿ. ಮುಟ್ಟಬೇಡ. ಫೋನ್ ಹಚ್ಚು.
"ಯಾರಿಗ್ರಿ?"

ಕುಂಚ ಅದ್ದಿದೆ. ತಾರೀಕು ಬರೆಯಲು ಹೋಗಿ
ಯಾವ ಅಂಕಿಯಲ್ಲಿ ಬರೆಯಲಿ ಎಂದು
ಅವನನ್ನೇ ಕೇಳಿದೆ.