ಹಗೇವು ಅನ್ರಿ

ಸೊಹಾರ್ ಬಂದರಿನ ಬೆನ್ನಿಗೆ, ಬೆಳಗ್ಗೆ ಆರೂವರೆಗೆ,
ತಗಡಿನ ಕೋಣೆಯಲ್ಲಿ ಇಪ್ಪತ್ತೆರಡು ಹೊಸ ಹೆಲ್ಮೆಟ್ಟು.
ಬೂಟುಗಳಿಗೆ ಇನ್ನೂ ಅಂಗಡಿಯ ವಾಸನೆ.
ಹೊರಗೆ ಎಸಿಯ ನೀರು ಪೇಂಟಿನ ಡಬ್ಬಕ್ಕೆ ತೊಟ್ಟಿಕ್ಕುತ್ತದೆ,
ಪಕ್ಕದಲ್ಲೇ ಕಾದು ಕೂತಿದೆ ಒಂದು ಮೈನಾ.

ರೊಡೆಲ್ ಇಂಗ್ಲಿಷಿನಲ್ಲಿ ಹೇಳುತ್ತಾನೆ,
ಜಮಾನ್ ಬಂಗಾಳಿಗೆ ತಿರುವುತ್ತಾನೆ.
ಕನ್ನಡಕ್ಕೆ ನಾನು: ಶಿರ್ವದವನು, ಸ್ಟೋರಿನ ಗುಮಾಸ್ತ.
ಇದಕ್ಕೆ ಬೇರೆ ಸಂಬಳವಿಲ್ಲ, ಒಂದು ಲೋಟ ಕರಕ್ ಚಹಾ.

ಮೊದಲು ಬಿಸಿಲು.
ಹಳದಿಯ ಏಳು ಬಣ್ಣದ ಪಟ್ಟಿ ತೋರಿಸಿ,
ಉಚ್ಚೆ ಈ ಕೊನೆಯ ಬಣ್ಣಕ್ಕೆ ಬಂದರೆ ಕೆಲಸ ಬಿಡಿ,
ನೆರಳಿಗೆ ಬನ್ನಿ, ನೀರು ಕುಡಿಯಿರಿ ಎಂದೆ.
ನಕ್ಕರು.
ನಾನೂ ನಕ್ಕಿದ್ದೆ, ಕಿಡ್ನಿಯಲ್ಲಿ ಕಲ್ಲಾಗುವ ತನಕ.

ಆಮೇಲೆ ಗಾಳಿ.
ಕಂಬದ ತುದಿಯ ಬಟ್ಟೆಚೀಲ ಎತ್ತ ಉಬ್ಬಿದೆ ನೋಡಿ,
ಅದಕ್ಕೆ ಅಡ್ಡಲಾಗಿ ಓಡಿ.
ಕೊಳೆತ ಮೊಟ್ಟೆಯ ನಾತ ಬಂದರೆ ಹೆದರಿ.
ಬರುತ್ತಿದ್ದ ನಾತ ತಟ್ಟನೆ ನಿಂತರೆ ಇನ್ನೂ ಹೆದರಿ;
ಮೊದಲು ಸಾಯುವುದು ಮೂಗು.
ಎರಡು ಸಲ ಹೇಳು ಎಂದು ರೊಡೆಲ್ ಬೆರಳೆತ್ತಿದ. ಹೇಳಿದೆ.

ಎಡವಿದ್ದು ಹದಿನೇಳನೆಯ ಚಿತ್ರದಲ್ಲಿ.
ಟ್ಯಾಂಕಿನ ದುಂಡು ಬಾಯಿ, ಒಳಗೆ ಕತ್ತಲು, ಮೇಲೆ ಕೆಂಪಕ್ಷರ.
'ಇಕ್ಕಟ್ಟಾದ ಜಾಗ' ಎಂದೆ. ಒಂದು ಮುಖವೂ ಅಲುಗಲಿಲ್ಲ.
ಇಕ್ಕಟ್ಟು ಅವರಿಗೇನು ಹೊಸತೆ? ರೂಮಿಗೆ ಹನ್ನೆರಡು ಮಂಚ.
'ಗಾಳಿಯಾಡದ ಕಡೆ' ಎಂದೆ.
'ಮುಚ್ಚಿದ್ದು' ಎಂದೆ. 'ಹೋದರೆ ಬರಲು ಕಷ್ಟವಾದದ್ದು.'

ಹಿಂದಿನ ಬೆಂಚಿನಿಂದ ದ್ಯಾವಪ್ಪ, ಶಹಾಪುರದ ಕಡೆಯವನು,
ಹೆಲ್ಮೆಟ್ಟನ್ನು ಬುಟ್ಟಿಯ ಹಾಗೆ ತೊಡೆಯ ಮೇಲಿಟ್ಟವನು:
"ಹಗೇವು ಅನ್ರಿ. ತಿಳೀತದ."

ತಿಳಿಯಲಿಲ್ಲ ನನಗೆ. ಅಕ್ಕಿ ಮುಡಿ ಕಟ್ಟುವ ಸೀಮೆಯವನು.
ಅವನೇ ಹೇಳಿದ:
"ನೆಲದಾಗ ತೋಡಿದ ಜ್ವಾಳದ ಕುಣಿರಿ.
ಬಾಯಿ ತೆಗೆದ ದಿನ ಯಾರೂ ಇಳಿಯಂಗಿಲ್ಲ.
ಮರದಿನ ಹಗ್ಗಕ್ಕ ಕಟ್ಟಿ ಕಂದೀಲ ಬಿಡಬೇಕು.
ದೀಪ ಉಳೀತಂದ್ರ ಮನಷ್ಯಾ ಉಳೀತಾನ."

ರೊಡೆಲ್ ಸೊಂಟದ ಗ್ಯಾಸ್ ಮೀಟರು ಮುಟ್ಟಿಕೊಂಡು ನಕ್ಕ:
ಇದೇ ನಮ್ಮ ಕಂದೀಲು ಅನ್ನು.
ಇಲ್ಲಿ ಮಾತ್ರ ಬೆಂಕಿಯದ್ದು ಬೇಡ ಅನ್ನು,
ಟ್ಯಾಂಕಿನ ಜೊತೆ ನಾವೂ ಹಾರಿಹೋಗುತ್ತೇವೆ.

ಮತ್ತೆ ಕೊನೆಯ ನಿಯಮ.
ಒಳಗೆ ಗೆಳೆಯ ಬಿದ್ದರೆ ಇಳಿಯಬೇಡಿ.
ಸೀಟಿ ಊದಿ, ರೇಡಿಯೋದಲ್ಲಿ ಕೂಗಿ, ಇಳಿಯಬೇಡಿ.
"ನೋಡಿಕೋತ ನಿಂದರಬೇಕೇನ್ರಿ?" ಯಾರೋ ಕೇಳಿದರು,
ಸ್ವಲ್ಪ ಸಿಟ್ಟಿನಲ್ಲೇ.

ದ್ಯಾವಪ್ಪ ಹೆಲ್ಮೆಟ್ಟಿನೊಳಗೆ ನೋಡುತ್ತ ಅಂದ:
"ನಮ್ಮ ಚಿಗವ್ವ ಇಳಿದ್ಲು. ಸಂಜೀಕ ಬೀಗರು ಬರೋರಿದ್ರು, ಅವಸರ.
ಆಕಿ ಹಿಂದ ಚಿಗಪ್ಪ.
ಅವನ ಹಿಂದ ಬಾಜೂಮನಿ ಮಹಿಬೂಬ.
ನಾ ಎಂಟು ವರ್ಷದಾಂವ, ಮ್ಯಾಲಿದ್ದೆ. ಅಂಜಿ ಇಳೀಲಿಲ್ಲ.
ಚೀರಿದೆ ಅಷ್ಟ."
ಆಮೇಲೆ, ಇನ್ನೂ ಮೆಲ್ಲಗೆ,
"ಅದು ತಪ್ಪಲ್ಲ ಅಂತ ಬರದಾರೇನ್ರಿ ಅಲ್ಲಿ?"

ಕೆಂಪಕ್ಷರ ಮತ್ತೊಮ್ಮೆ ಓದಿದೆ.
"ಬರೆದಿದ್ದಾರೆ" ಎಂದೆ.
ಏನಂತೆ ಎಂದು ರೊಡೆಲ್ ಹುಬ್ಬೇರಿಸಿದ.
ಅವನಿಗೆ ಅರ್ಥವಾಗಿದೆ ಎಂದಷ್ಟೇ ತಿರುವಿದೆ.

ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು.
ತಪ್ಪಿದ್ದು, ವಿದ್ಯುತ್ತಿನ ಬೆಂಕಿಗೆ ಯಾವ ಸಿಲಿಂಡರು ಎಂಬುದು.
ಅದನ್ನು ಬಿಡಿಸಿ ಹೇಳಿ, ಸಹಿ ಹಾಕಿಸಿ, ಹಸಿರು ಸ್ಟಿಕ್ಕರು ಅಂಟಿಸಿದೆ,
ಕೊಂಚ ಓರೆಯಾಯಿತು.

ಅಕ್ಟೋಬರಿನಲ್ಲಿ ಗ್ಯಾಸ್ಕೆಟ್ಟಿನ ಪೆಟ್ಟಿಗೆ ಹೊತ್ತು ಹೋದಾಗ
ಆರನೆಯ ಟ್ಯಾಂಕಿನ ಬಾಯಲ್ಲಿ ಕಂಡ.
ಮಡಿಲಲ್ಲಿ ಒಳಹೋದವರ ಹೆಸರಿನ ಪಟ್ಟಿ,
ಹಲ್ಲಿನ ನಡುವೆ ಸೀಟಿ,
ಓರೆ ಸ್ಟಿಕ್ಕರಿನ ಅದೇ ಹೆಲ್ಮೆಟ್ಟು.
ಒಳಗೆ ಮೂವರು ಗೀರುತ್ತಿದ್ದ ಸದ್ದು.

"ದ್ಯಾವಪ್ಪಾ" ಎಂದು ಕೂಗಿದೆ.
ತಿರುಗಲಿಲ್ಲ.